ಘನೀಭವಿಸುವ ನೀರು ಮತ್ತು ಗೃಹದ ಕೊಳವೆಗಳು

ಕನ್ನಡ ನಾಡಿನ ಮನೆಗಳಲ್ಲಿ ನೀರಿನ ಚಿಂತೆ ಬೇಸಗೆಯ ಚಿಂತೆ. ಬಾವಿ ಬತ್ತುವುದು, ಕೆರೆಯ ತಳ ಕಾಣುವುದು, ನಲ್ಲಿಯನ್ನು ತಿರುಗಿಸಿದರೆ ನೀರಿಗೆ ಬದಲಾಗಿ ಗಾಳಿ ಬರುವುದು, ಇವು ಎಲ್ಲರಿಗೂ ಪರಿಚಿತವಾದ ಸಂಗತಿಗಳು. ಮಾಗಿಯ ಚಳಿ ಎಷ್ಟೇ ಕಟುವಾಗಿದ್ದರೂ ಕೊಳವೆಯೊಳಗಿನ ನೀರು ಕಲ್ಲಿನಂತೆ ಗಟ್ಟಿಯಾಗಿ ನಿಂತು ಕೊಳವೆಯನ್ನೇ ಸೀಳಿತೆಂಬ ದೂರು ಇಲ್ಲಿನ ಊರುಗಳಲ್ಲಿ ಕೇಳಿಬರುವುದಿಲ್ಲ. ಆದರೂ ಈ ಸಂಗತಿಯ ಮೂಲತತ್ತ್ವವನ್ನು ಇಲ್ಲಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಿರುತ್ತಾನೆ. ನೀರು ಮಂಜುಗಡ್ಡೆಯಾಗುವಾಗ ಹಿಗ್ಗುತ್ತದೆ, ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿ ಒಡೆಯುತ್ತದೆ ಎಂಬ ವಾಕ್ಯವನ್ನು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆದಿರುತ್ತಾನೆ. ಅನುಭವಕ್ಕೆ ಬಾರದ ಕಾರಣ ಆ ವಾಕ್ಯ ಬಹುಬೇಗ ಮರೆಯುತ್ತದೆ.

ಶೀತದೇಶಗಳಲ್ಲಿ ಅದೇ ವಾಕ್ಯ ಗೃಹಕೃತ್ಯದ ಒಂದು ಭಾಗ. ಅಲ್ಲಿ ಒಂದು ರಾತ್ರಿಯ ಅಲಕ್ಷ್ಯದಿಂದ ಗೋಡೆಯೊಳಗಿನ ಕೊಳವೆ ಬಿರಿದು, ಛಾವಣಿಯಿಂದ ನೀರು ಸುರಿದು, ಮನೆಯ ಸಾಮಾನೆಲ್ಲ ಹಾಳಾಗಬಹುದು. ಇಂದು ಕನ್ನಡ ಕುಟುಂಬಗಳು ಅಮೆರಿಕ, ಕೆನಡಾ ಮೊದಲಾದ ದೇಶಗಳಲ್ಲಿ ನೆಲೆಸಿವೆ. ಕನ್ನಡ ನಾಡಿನ ಯೋಧರು ಲಡಾಖಿನ ಹಿಮದಲ್ಲಿ ಗಡಿ ಕಾಯುತ್ತಿದ್ದಾರೆ. ಆದುದರಿಂದ ಈ ವಿಷಯ ಇಲ್ಲಿನ ಓದುಗರಿಗೂ ತೀರ ದೂರದ್ದಲ್ಲ. ಕೊಳವೆ ಏಕೆ ಒಡೆಯುತ್ತದೆ, ಅದನ್ನು ತಡೆಯುವ ಬಗೆ ಯಾವುದು, ಆ ಬಗೆಗಳಲ್ಲಿ ಸಮಾಜದ ಹಿತಕ್ಕೆ ಒಪ್ಪುವುದು ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

1. ನೀರಿನ ವಿಶಿಷ್ಟ ಸ್ವಭಾವ

ಸಾಮಾನ್ಯವಾಗಿ ದ್ರವಗಳು ತಣ್ಣಗಾದಂತೆ ಕುಗ್ಗುತ್ತವೆ. ಘನರೂಪ ತಾಳಿದಾಗ ಇನ್ನೂ ಕುಗ್ಗುತ್ತವೆ. ನೀರು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯವರೆಗೆ ಈ ನಿಯಮವನ್ನು ಪಾಲಿಸಿ, ಅಲ್ಲಿಂದ ಕೆಳಗೆ ಅದಕ್ಕೆ ವಿರುದ್ಧವಾಗಿ ನಡೆಯುತ್ತದೆ. 4 ಡಿಗ್ರಿಯಲ್ಲಿ ಅದರ ಸಾಂದ್ರತೆ ಅತ್ಯಧಿಕ. ಅನಂತರ ತಣಿದಷ್ಟೂ ಅದು ಹಿಗ್ಗತೊಡಗಿ, ಶೂನ್ಯ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವಾಗ ಒಮ್ಮೆಗೇ ತನ್ನ ಗಾತ್ರದ ನೂರಕ್ಕೆ ಸುಮಾರು 9 ಭಾಗದಷ್ಟು ಹೆಚ್ಚುತ್ತದೆ. ಮಂಜುಗಡ್ಡೆಯ ಹರಳಿನಲ್ಲಿ ನೀರಿನ ಅಣುಗಳು ಷಟ್ಕೋನಾಕಾರದ ಜಾಲವಾಗಿ ಜೋಡಿಸಿಕೊಳ್ಳುತ್ತವೆ. ಈ ಜಾಲದಲ್ಲಿ ತೆರಪು ಹೆಚ್ಚು. ಗಡ್ಡೆ ನೀರಿನ ಮೇಲೆ ತೇಲುವುದಕ್ಕೂ, ಅದರ ಕೆಳಗೆ ಸರೋವರದ ಮೀನುಗಳು ಬದುಕಿರುವುದಕ್ಕೂ ಇದೇ ಕಾರಣ. ಸರೋವರದ ಮೀನನ್ನು ಕಾಪಾಡುವ ಈ ಗುಣವೇ ಮನೆಯ ಕೊಳವೆಗೆ ಶತ್ರುವಾಗುತ್ತದೆ.

ಈ ಹಿಗ್ಗುವಿಕೆಯ ಬಲವನ್ನು ವಿಜ್ಞಾನಿಗಳು ಬಹು ಹಿಂದೆಯೇ ಪರೀಕ್ಷಿಸಿದ್ದಾರೆ. 17ನೆಯ ಶತಮಾನದಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ವಿದ್ವಾಂಸರು ಲೋಹದ ಪಾತ್ರೆಗಳಲ್ಲಿ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ಹೆಪ್ಪುಗಟ್ಟಿಸಿ, ಪಾತ್ರೆಗಳು ಸೀಳಿದುದನ್ನು ಕಂಡರು. 1784-85ರ ಚಳಿಗಾಲದಲ್ಲಿ ಕೆನಡಾದ ಕ್ವಿಬೆಕ್ ನಗರದಲ್ಲಿ ಎಡ್ವರ್ಡ್ ವಿಲಿಯಮ್ಸ್ ಎಂಬ ಸೇನಾಧಿಕಾರಿ ಫಿರಂಗಿಯ ಕಬ್ಬಿಣದ ಟೊಳ್ಳು ಗುಂಡುಗಳಲ್ಲಿ ನೀರು ತುಂಬಿ, ಬಾಯಿಗೆ ಕಬ್ಬಿಣದ ಬಿರಡೆಯನ್ನು ಬಡಿದು, ಹೊರಗಿನ ಚಳಿಯಲ್ಲಿಟ್ಟನು. ಕೆಲವು ಗುಂಡುಗಳ ಬಿರಡೆಗಳು ನೂರಾರು ಅಡಿ ದೂರ ಚಿಮ್ಮಿ ಬಿದ್ದವು. ಬಿರಡೆ ಕದಲದಿದ್ದ ಕಡೆ ಗುಂಡೇ ಸೀಳಿತು. ಮದ್ದಿಲ್ಲದೆ, ಬೆಂಕಿಯಿಲ್ಲದೆ, ಬರಿಯ ತಣ್ಣೀರು ಮಾಡಿದ ಕೆಲಸವದು.

2. ಕೊಳವೆ ಒಡೆಯುವುದೆಲ್ಲಿ?

ಇಷ್ಟನ್ನು ತಿಳಿದವರು ಸಹಜವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಕೊಳವೆಯೊಳಗೆ ಗಡ್ಡೆ ಬೆಳೆದು, ಒಳಗಿನಿಂದ ಗೋಡೆಯನ್ನು ತಳ್ಳಿ, ಗಡ್ಡೆಯಿರುವ ಸ್ಥಳದಲ್ಲೇ ಅದನ್ನು ಸೀಳುತ್ತದೆ. ಈ ತೀರ್ಮಾನ ಪೂರ್ತಿಯಾಗಿ ಸರಿಯಲ್ಲ. ಒಡೆದ ಕೊಳವೆಯನ್ನು ದುರಸ್ತಿ ಮಾಡುವಾಗ ಸೀಳು ಎಷ್ಟೋ ಸಲ ಗಡ್ಡೆಯಿದ್ದ ಜಾಗದಲ್ಲಿ ಇರುವುದಿಲ್ಲ. ಅಲ್ಲಿಂದ ದೂರದಲ್ಲಿ, ಬೆಚ್ಚನೆಯ ಕೋಣೆಯ ಭಾಗದಲ್ಲಿ ಕೂಡ ಅದು ಕಾಣಿಸುತ್ತದೆ. ಇದರ ಕಾರಣವನ್ನು ತಿಳಿಯಬೇಕಾದರೆ ಕೊಳವೆಯಲ್ಲಿ ನೀರು ಹೆಪ್ಪುಗಟ್ಟುವ ಕ್ರಮವನ್ನು ಗಮನಿಸಬೇಕು.

ಕದಲದೆ ನಿಂತ ನೀರು ಶೂನ್ಯ ಡಿಗ್ರಿ ಮುಟ್ಟಿದೊಡನೆ ಗಡ್ಡೆಯಾಗುವುದಿಲ್ಲ. ಹರಳು ಕಟ್ಟಲು ಆಧಾರ ಸಿಗದೆ, ಶೂನ್ಯಕ್ಕಿಂತ ಕೆಲವು ಡಿಗ್ರಿ ಕೆಳಗೂ ಅದು ದ್ರವವಾಗಿಯೇ ಉಳಿಯಬಲ್ಲದು. ಬಳಿಕ ಎಲ್ಲೋ ಒಂದೆಡೆ ಹರಳು ಹುಟ್ಟಿದಾಗ, ಗರಿಯಂತೆ ಕವಲೊಡೆದ ತೆಳುವಾದ ಹಿಮದ ಎಸಳುಗಳು ಕೊಳವೆಯ ಉದ್ದಕ್ಕೂ ವೇಗವಾಗಿ ಹರಡುತ್ತವೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಸಂಶೋಧಕ ಗಿಲ್ಪಿನ್ 1970ರ ದಶಕದಲ್ಲಿ ಈ ಕ್ರಿಯೆಯನ್ನು ಅಭ್ಯಸಿಸಿ ತೋರಿಸಿದನು. ಈ ಎಸಳುಗಳ ಜಾಲವೇ ಹರಿವನ್ನು ತಡೆಯಲು ಸಾಕು. ಆದುದರಿಂದ ಕೊಳವೆಯಲ್ಲಿನ ನೀರಿನ ಅಲ್ಪಭಾಗ ಮಾತ್ರ ಗಡ್ಡೆಯಾಗಿದ್ದರೂ ನಲ್ಲಿಯಲ್ಲಿ ನೀರು ಬಾರದೆ ಹೋಗಬಹುದು. ಚಳಿ ಮುಂದುವರಿದರೆ ಜಾಲ ದಪ್ಪವಾಗಿ, ಕೊಳವೆಗೆ ಬೆಣೆ ಜಡಿದಂತೆ ಒಂದು ಹಿಮದ ಬಿರಡೆ ಸಿದ್ಧವಾಗುತ್ತದೆ.

ಈಗ ಕೊಳವೆ ಎರಡು ಭಾಗವಾಯಿತು. ಬಿರಡೆಯ ಒಂದು ಬದಿಗೆ ಬೀದಿಯಿಂದ ಬರುವ ಮುಖ್ಯ ಕೊಳವೆಯಿದೆ. ಬಿರಡೆ ಬೆಳೆದಂತೆ ಆ ಬದಿಯ ನೀರು ಹಿಂದಕ್ಕೆ ಸರಿದುಕೊಳ್ಳಬಹುದು. ಅಲ್ಲಿ ಅಪಾಯ ಕಡಿಮೆ. ಇನ್ನೊಂದು ಬದಿಯಲ್ಲಿರುವುದು ಮುಚ್ಚಿದ ನಲ್ಲಿ. ಬಿರಡೆಗೂ ನಲ್ಲಿಗೂ ನಡುವೆ ಸಿಕ್ಕಿದ ನೀರಿಗೆ ಹೋಗಲು ದಾರಿಯಿಲ್ಲ. ಗಡ್ಡೆ ಬೆಳೆದಷ್ಟೂ ಆ ನೀರಿನ ಮೇಲೆ ಒತ್ತಡ ಏರುತ್ತದೆ. ನೀರು ಸುಲಭವಾಗಿ ಕುಗ್ಗುವ ವಸ್ತುವಲ್ಲ. ಅದರ ಗಾತ್ರವನ್ನು ನೂರಕ್ಕೆ ಒಂದು ಭಾಗದಷ್ಟು ಇಳಿಸಬೇಕಾದರೂ ಸುಮಾರು 200 ವಾಯುಭಾರಗಳ ಒತ್ತಡ ಬೇಕಾಗುತ್ತದೆ. ಮನೆಯ ನಲ್ಲಿಗಳಲ್ಲಿ ಸಾಮಾನ್ಯವಾಗಿರುವ ಒತ್ತಡ ಕೆಲವೇ ವಾಯುಭಾರಗಳು. ಹೀಗಿರುವಾಗ ಒಳಗಿನ ಒತ್ತಡ ನೂರಾರು ಪಟ್ಟು ಏರಿದರೆ ತಾಮ್ರವಾಗಲಿ ಕಬ್ಬಿಣವಾಗಲಿ ತಡೆದುಕೊಳ್ಳಲಾರದು. ಎಲ್ಲಿ ಕೊಳವೆ ದುರ್ಬಲವೋ ಅಲ್ಲಿ ಅದು ಬಿರಿಯುತ್ತದೆ. ಆ ಸ್ಥಳ ಗಡ್ಡೆಯಿಂದ ಬಹುದೂರದಲ್ಲಿಯೂ ಇರಬಹುದು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಕಟ್ಟಡ ಸಂಶೋಧನಾ ಮಂಡಲಿ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಈ ವಿವರಣೆಯನ್ನು ದೃಢಪಡಿಸಿದವು. ಹೊದಿಕೆಯಿಲ್ಲದ ಕೊಳವೆಗಳು ಬೆಚ್ಚಗಿರದ ಅಟ್ಟದಲ್ಲಿದ್ದರೆ, ಹೊರಗಿನ ಉಷ್ಣತೆ ಶೂನ್ಯಕ್ಕಿಂತ ಸುಮಾರು 7 ಡಿಗ್ರಿ ಕೆಳಕ್ಕೆ ಇಳಿದಾಗ ಎಚ್ಚರಿಕೆ ಅಗತ್ಯ ಎಂದೂ ಆ ಪ್ರಯೋಗಗಳಿಂದ ತಿಳಿದುಬಂತು. ಗೋಡೆಯ ಬಿರುಕಿನಲ್ಲಿ ಚಳಿಗಾಳಿ ನೇರವಾಗಿ ಕೊಳವೆಗೆ ಬಡಿಯುತ್ತಿದ್ದರೆ ಅಪಾಯ ಅದಕ್ಕಿಂತ ಮೊದಲೇ ಬರುತ್ತದೆ.

ಇಲ್ಲಿ ಇನ್ನೊಂದು ಅಂಶ ಗಮನಾರ್ಹ. ಕೊಳವೆ ಬಿರಿದ ಕ್ಷಣದಲ್ಲಿ ಮನೆಯವರಿಗೆ ಅದು ತಿಳಿಯದಿರಬಹುದು. ಬೀದಿಯ ನೀರನ್ನು ಹಿಮದ ಬಿರಡೆಯೇ ತಡೆದಿರುತ್ತದೆ. ಬಿಸಿಲೇರಿ ಬಿರಡೆ ಕರಗಿದಾಗ ಮಾತ್ರ ಸೀಳಿನಿಂದ ನೀರು ನುಗ್ಗತೊಡಗುತ್ತದೆ. ಚಳಿ ಕಳೆಯಿತೆಂದು ಸಮಾಧಾನ ಪಡುವ ಹೊತ್ತಿಗೇ ಹಾನಿ ಆರಂಭವಾಗುವುದು ಈ ವಿಪತ್ತಿನ ವೈಶಿಷ್ಟ್ಯ.

3. ಮನೆಯ ರಚನೆ ಮತ್ತು ನೆಲದ ಆಳ

ಚಿರಕಾಲ ಚಳಿಯನ್ನು ಅನುಭವಿಸಿದ ಪ್ರದೇಶಗಳು ಮನೆ ಕಟ್ಟುವಾಗಲೇ ಈ ಅಪಾಯಕ್ಕೆ ಉತ್ತರ ಕೊಟ್ಟುಕೊಂಡಿವೆ. ಚಳಿಗಾಲದಲ್ಲಿ ನೆಲ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತ ಹೋಗುತ್ತದೆ. ಒಂದು ಆಳವನ್ನು ದಾಟಿದ ಮೇಲೆ ಮಣ್ಣು ಹೆಪ್ಪುಗಟ್ಟುವುದಿಲ್ಲ. ನೀರಿನ ಕೊಳವೆಗಳನ್ನು ಈ ಆಳಕ್ಕಿಂತ ಕೆಳಗೆ ಹೂಳುವುದು ಅಲ್ಲಿನ ನಿಯಮ. ಅಮೆರಿಕದ ಮಿನೆಸೋಟ ರಾಜ್ಯದ ಉತ್ತರಭಾಗದಲ್ಲಿ ಕಟ್ಟಡದ ಅಡಿಪಾಯಕ್ಕೆ ವಿಧಿಸಿರುವ ಹಿಮದ ಆಳ 5 ಅಡಿ. ಕೊಳವೆ ಮನೆಯೊಳಗೆ ಬಂದ ಮೇಲೂ ಅದನ್ನು ಹೊರಗೋಡೆಯಲ್ಲಿ ಹಾಯಿಸದೆ, ಬೆಚ್ಚನೆಯ ನೆಲಮಾಳಿಗೆಯ ಮೂಲಕ ಮೇಲಕ್ಕೆ ತಂದು ಒಳಗೋಡೆಗಳಲ್ಲಿ ಹಂಚುತ್ತಾರೆ.

ಚಳಿ ಇನ್ನೂ ತೀವ್ರವಾದ ಕಡೆ ಈ ಉಪಾಯವೂ ಸಾಲದು. ಕೆನಡಾದ ಉತ್ತರದಲ್ಲಿರುವ ಇನುವಿಕ್ ಎಂಬ ಊರಿನಲ್ಲಿ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಅಲ್ಲಿ ಕೊಳವೆಗಳನ್ನು ಹೂಳುವ ಬದಲು ನೆಲದಿಂದ ಮೇಲಕ್ಕೆತ್ತಿ, ಶಾಖ ಹೊರಹೋಗದಂತೆ ಹೊದಿಸಿದ ಉದ್ದನೆಯ ಪೆಟ್ಟಿಗೆಗಳಲ್ಲಿ ಮನೆಯಿಂದ ಮನೆಗೆ ಒಯ್ದಿದ್ದಾರೆ. ಉತ್ತರದ ಇತರ ಕೆಲವು ಊರುಗಳಲ್ಲಿ ನೀರು ಎಲ್ಲಿಯೂ ನಿಲ್ಲದಂತೆ ಅದನ್ನು ಸದಾ ಸುತ್ತಿಸುತ್ತಿರುತ್ತಾರೆ.

ನೆಲದ ಆಳವನ್ನು ನಂಬಿದವರೂ ಕೆಲವೊಮ್ಮೆ ಮೋಸಹೋಗುವುದುಂಟು. 2013-14ರ ಚಳಿಗಾಲ ಕೆನಡಾದ ವಿನಿಪೆಗ್ ನಗರದಲ್ಲಿ ಅಸಾಧಾರಣವಾಗಿ ದೀರ್ಘವಾಗಿತ್ತು. ಚಳಿ ಎಂದಿಗಿಂತ ಆಳಕ್ಕೆ ಇಳಿದು, ಬೀದಿಯಿಂದ ಮನೆಗೆ ಬರುವ ಕೊಳವೆಗಳನ್ನು ಹಿಡಿಯಿತು. ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ನೀರು ನಿಂತಿತು. ಮೇಲಿನ ಗಾಳಿ ಬೆಚ್ಚಗಾದ ಮೇಲೂ ಮಣ್ಣಿನೊಳಗಿನ ಚಳಿ ವಾರಗಟ್ಟಲೆ ಕೆಳಗಿಳಿಯುತ್ತಲೇ ಇದ್ದುದರಿಂದ ವಸಂತ ಬಂದರೂ ಎಷ್ಟೋ ಮನೆಗಳಿಗೆ ನೀರು ಬರಲಿಲ್ಲ. ಹಗಲಿನ ಬಿಸಿಲು ಮನೆಯ ಗೋಡೆಯನ್ನು ದಾಟಿ ಒಳಗೆ ಬರಲು ಹೊತ್ತು ಹಿಡಿಯುವಂತೆ, ಚಳಿಯೂ ನೆಲದೊಳಗೆ ನಿಧಾನವಾಗಿ ಪಯಣಿಸುತ್ತದೆ ಎಂಬ ಪಾಠವನ್ನು ಆ ನಗರ ಕಲಿಯಿತು.

4. ತಡೆಯುವ ಮಾರ್ಗಗಳು

ಕೊಳವೆಯನ್ನು ಕಾಪಾಡುವ ಉಪಾಯಗಳು ಹಲವಾದರೂ ಅವೆಲ್ಲವನ್ನೂ ಮೂರು ತತ್ತ್ವಗಳಲ್ಲಿ ಅಡಗಿಸಬಹುದು: ಬೆಚ್ಚಗಿಡುವುದು, ಹರಿಯಬಿಡುವುದು, ಬರಿದುಮಾಡುವುದು.

(ಅ) ಬೆಚ್ಚಗಿಡುವುದು: ಕೊಳವೆಗೆ ಫೋಮಿನ ಇಲ್ಲವೆ ಗಾಜಿನ ನಾರಿನ ಹೊದಿಕೆ ಸುತ್ತುವುದು ಎಲ್ಲರಿಗೂ ತೋಚುವ ಮೊದಲ ಉಪಾಯ. ಅದರ ಮಿತಿಯನ್ನು ಮರೆಯಬಾರದು. ಕಂಬಳಿಯು ಶಾಖವನ್ನು ಹುಟ್ಟಿಸುವುದಿಲ್ಲ, ಒಳಗಿರುವ ಶಾಖ ಹೊರಹೋಗುವುದನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಮಂಜುಗಡ್ಡೆಯ ವ್ಯಾಪಾರಿಯು ಗಡ್ಡೆ ಕರಗದಂತೆ ಮರದ ಹೊಟ್ಟಿನಲ್ಲಿ ಮುಚ್ಚಿಡುವುದೂ ಇದೇ ತತ್ತ್ವದಿಂದ.

ಒಂದು ಸರಳ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಒಳವ್ಯಾಸ 2 ಸೆಂಟಿಮೀಟರ್ ಇರುವ ಕೊಳವೆಯ ಒಂದು ಮೀಟರ್ ಉದ್ದದಲ್ಲಿ ಸುಮಾರು 314 ಗ್ರಾಂ ನೀರು ಹಿಡಿಯುತ್ತದೆ. ಅದು 10 ಡಿಗ್ರಿಯಿಂದ ಶೂನ್ಯಕ್ಕೆ ಇಳಿಯುವಾಗ ಬಿಟ್ಟುಕೊಡುವ ಶಾಖ 3,140 ಕ್ಯಾಲೊರಿ. ಶೂನ್ಯದಲ್ಲಿರುವ ಅದೇ ನೀರು ಪೂರ್ತಿಯಾಗಿ ಗಡ್ಡೆಯಾಗಬೇಕಾದರೆ ಗ್ರಾಮಿಗೆ 80 ಕ್ಯಾಲೊರಿಯಂತೆ ಸುಮಾರು 25,000 ಕ್ಯಾಲೊರಿ ಶಾಖವನ್ನು ಕಳೆದುಕೊಳ್ಳಬೇಕು. ಇದೇ ಗುಪ್ತೋಷ್ಣ. ನೀರು ತಣ್ಣಗಾಗುವುದಕ್ಕಿಂತ ಪೂರ್ತಿ ಗಟ್ಟಿಯಾಗುವುದಕ್ಕೆ ಎಂಟುಪಟ್ಟು ಶಾಖ ಹೊರಹೋಗಬೇಕಾಗುತ್ತದೆ. ಹೊದಿಕೆ ಈ ಅವಧಿಯನ್ನು ಇನ್ನಷ್ಟು ಲಂಬಿಸುತ್ತದೆ. ಒಂದು ರಾತ್ರಿಯ ಚಳಿಯಾದರೆ ಬೆಳಗಾಗುವವರೆಗೆ ಕೊಳವೆ ಉಳಿಯುತ್ತದೆ. ಚಳಿ ನಾಲ್ಕಾರು ದಿನ ಬಿಡದೆ ನಿಂತರೆ ಹೊದಿಕೆಯೊಂದೇ ಕಾಪಾಡದು. ಆಗ ಎಲ್ಲಿಂದಲಾದರೂ ಶಾಖ ಬರುತ್ತಿರಲೇಬೇಕು.

ಆ ಶಾಖದ ಸುಲಭವಾದ ಮೂಲ ಮನೆಯ ಒಳಗಿನ ಬೆಚ್ಚನೆಯ ಗಾಳಿ. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಕಪಾಟಿನ ಬಾಗಿಲುಗಳನ್ನು ಚಳಿಯ ರಾತ್ರಿ ತೆರೆದಿಟ್ಟರೆ ಕೋಣೆಯ ಶಾಖ ಕೊಳವೆಯವರೆಗೆ ತಲುಪುತ್ತದೆ. ಗೋಡೆಯಲ್ಲಿ ಕೊಳವೆಯೂ ತಂತಿಯೂ ಹಾಯುವ ತೂತುಗಳನ್ನು ಮುಚ್ಚಿ ಗಾಳಿಯನ್ನು ತಡೆಯಬೇಕು. ಚಿಕ್ಕ ಬಿರುಕೊಂದರಿಂದ ನುಸುಳುವ ಗಾಳಿ ಇಡೀ ಕೋಣೆಯ ಶಾಖವನ್ನು ನಿಷ್ಫಲಗೊಳಿಸಬಲ್ಲದು. ರಾತ್ರಿ ಇಂಧನ ಉಳಿಸಲೆಂದು ಮನೆಯ ಉಷ್ಣತೆಯನ್ನು ಬಹಳವಾಗಿ ತಗ್ಗಿಸುವುದೂ ಮಿತವ್ಯಯವಲ್ಲ. ಊರಿಗೆ ಹೋಗುವವರು ಮನೆಯನ್ನು ಕನಿಷ್ಠ 13 ಡಿಗ್ರಿಯಷ್ಟು ಬೆಚ್ಚಗಿಟ್ಟು ಹೋಗಬೇಕೆಂದು ಅಮೆರಿಕದ ರೆಡ್ ಕ್ರಾಸ್ ಸಂಸ್ಥೆ ಸಲಹೆ ನೀಡುತ್ತದೆ. ಕೊಳವೆಗೆ ಸುತ್ತುವ, ವಿದ್ಯುತ್ತಿನಿಂದ ಕಾಯುವ ತಂತಿಗಳೂ ಬಳಕೆಯಲ್ಲಿವೆ. ಹಳೆಯ ಇಲ್ಲವೆ ಸವೆದ ತಂತಿಯಿಂದ ಬೆಂಕಿ ಹತ್ತುವ ಭಯವಿರುವುದರಿಂದ ಇವನ್ನು ತಯಾರಕರ ಸೂಚನೆಯಂತೆಯೇ ಅಳವಡಿಸಬೇಕು.

(ಆ) ಹರಿಯಬಿಡುವುದು: ಕೊಳವೆಯ ಕೊನೆಯ ನಲ್ಲಿಯನ್ನು ರಾತ್ರಿ ಪೂರ್ತಿಯಾಗಿ ಮುಚ್ಚದೆ, ಹನಿಹನಿಯಾಗಿ ತೊಟ್ಟಿಕ್ಕಲು ಬಿಡುವುದು ಶೀತದೇಶಗಳ ರೂಢಿ. ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲವೆಂಬ ನಂಬಿಕೆ ಇದರ ಹಿಂದಿದೆ. ನೆಲದಾಳದಿಂದ ಬರುವ ನೀರು ಸ್ವಲ್ಪ ಶಾಖವನ್ನು ಹೊತ್ತು ತರುವುದು ನಿಜ. ಆದರೆ ಹನಿಯಷ್ಟು ನೀರು ತರುವ ಶಾಖ ಅತ್ಯಲ್ಪ. ಅದರ ನಿಜವಾದ ಉಪಕಾರ ಬೇರೆ. ನಲ್ಲಿ ತುಸು ತೆರೆದಿದ್ದರೆ ಬಿರಡೆಗೂ ನಲ್ಲಿಗೂ ನಡುವೆ ಸಿಕ್ಕಿದ ನೀರಿಗೆ ಹೊರಹೋಗಲು ದಾರಿ ದೊರೆಯುತ್ತದೆ. ಗಡ್ಡೆ ಕಟ್ಟಿದರೂ ಒತ್ತಡ ಏರುವುದಿಲ್ಲ, ಕೊಳವೆ ಒಡೆಯುವುದಿಲ್ಲ. ಹನಿ ನಿಂತುಹೋದರೂ ನಲ್ಲಿಯನ್ನು ಮುಚ್ಚಬಾರದೆಂದು ತಿಳಿದವರು ಹೇಳುವುದು ಈ ಕಾರಣದಿಂದಲೇ. ಬಿಸಿನೀರಿನ ಕೊಳವೆಗೂ ಈ ಕ್ರಮ ಅನ್ವಯಿಸುತ್ತದೆ.

(ಇ) ಬರಿದುಮಾಡುವುದು: ಮೂರನೆಯ ಮಾರ್ಗ ಅತ್ಯಂತ ನಿಶ್ಚಿತವಾದುದು. ನೀರಿಲ್ಲದ ಕೊಳವೆಗೆ ಹೆಪ್ಪುಗಟ್ಟುವ ಭಯವಿಲ್ಲ. ಮೊದಲು ಗೀಸರನ್ನು ಆರಿಸಬೇಕು. ನೀರಿಲ್ಲದೆ ಕಾದರೆ ಅದು ಕೆಡುತ್ತದೆ. ಬಳಿಕ ಮನೆಗೆ ನೀರು ಬರುವ ಮುಖ್ಯ ವಾಲ್ವನ್ನು ಮುಚ್ಚಿ, ಗಾಳಿ ಒಳಬರುವಂತೆ ಎಲ್ಲಕ್ಕಿಂತ ಮೇಲಿನ ನಲ್ಲಿಯನ್ನೂ, ನೀರು ಹೊರಹೋಗುವಂತೆ ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನೂ ತೆರೆಯಬೇಕು. ತೋಟದ ರಬ್ಬರು ಕೊಳವೆಯನ್ನು ಚಳಿಗಾಲಕ್ಕೆ ಮುಂಚೆಯೇ ಬಿಚ್ಚಿಡಬೇಕು. ಅದನ್ನು ಸಿಕ್ಕಿಸಿಯೇ ಬಿಟ್ಟರೆ ನೀರು ಹಿಂದೆಯೇ ನಿಂತು, ಹಿಮವನ್ನು ತಡೆಯಲೆಂದೇ ಮಾಡಿದ ವಿಶೇಷ ನಲ್ಲಿಗಳೂ ಸೀಳುತ್ತವೆ. ಮನೆಯವರೆಲ್ಲರಿಗೂ ಮುಖ್ಯ ವಾಲ್ವು ಎಲ್ಲಿದೆ, ಅದನ್ನು ಯಾವ ಕಡೆಗೆ ತಿರುಗಿಸಬೇಕು ಎಂಬುದು ತಿಳಿದಿರಬೇಕು. ವಿಪತ್ತಿನ ರಾತ್ರಿಯಲ್ಲಿ ದೀಪವಿಲ್ಲದೆ ಅದನ್ನು ಹುಡುಕುವುದು ಸಾಧ್ಯವಾಗದು.

ಇಷ್ಟಾಗಿಯೂ ಕೊಳವೆ ಹೆಪ್ಪುಗಟ್ಟಿದರೆ ಆತುರ ಪಡಬಾರದು. ನಲ್ಲಿಯನ್ನು ತೆರೆದಿಟ್ಟು, ನಲ್ಲಿಯ ಕಡೆಯಿಂದ ಆರಂಭಿಸಿ ಬಿರಡೆಯ ಕಡೆಗೆ ಮೆಲ್ಲಮೆಲ್ಲನೆ ಶಾಖ ಕೊಡಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಕೂದಲು ಒಣಗಿಸುವ ಯಂತ್ರ ಇವು ಸಾಕು. ನೀರು ನಿಂತಿರುವ ಕಡೆ ವಿದ್ಯುತ್ ಯಂತ್ರವನ್ನು ಬಳಸಬಾರದು. ಬ್ಲೋ ಲ್ಯಾಂಪಿನಂಥ ಬೆಂಕಿಯ ಉಪಕರಣವನ್ನಂತೂ ಕೊಳವೆಯ ಬಳಿಗೆ ಒಯ್ಯಲೇಬಾರದು. ಅದರಿಂದ ಗೋಡೆಯೊಳಗಿನ ಮರಕ್ಕೆ ಬೆಂಕಿ ಹತ್ತಬಹುದು. ಸೀಳು ಕಂಡುಬಂದರೆ ಮೊದಲ ಕೆಲಸ ಮುಖ್ಯ ವಾಲ್ವನ್ನು ಮುಚ್ಚುವುದು.

5. ಟೆಕ್ಸಾಸಿನ ಅನುಭವ

ಮೇಲಿನ ಮೂರು ಮಾರ್ಗಗಳಲ್ಲಿ ಯಾವುದು ಉತ್ತಮ? ಒಂದು ಮನೆಯನ್ನು ಮಾತ್ರ ನೋಡಿದರೆ ಮೂರೂ ಸಮಾನವೆಂದು ತೋರಬಹುದು. ಇಡೀ ನಗರವನ್ನು ನೋಡಿದಾಗ ಅವುಗಳ ಅಂತರ ತಿಳಿಯುತ್ತದೆ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯ ಈ ಅಂತರವನ್ನು ಕಷ್ಟಪಟ್ಟು ಅರಿಯಿತು.

ಟೆಕ್ಸಾಸ್ ಬಿಸಿಲಿನ ಸೀಮೆ. ಅಲ್ಲಿನ ಮನೆಗಳನ್ನು ಬಿಸಿಲಿನಿಂದ ಕಾಪಾಡಲು ಕಟ್ಟಿದ್ದಾರೆಯೇ ಹೊರತು ಚಳಿಯಿಂದ ಕಾಪಾಡಲು ಅಲ್ಲ. ಎಷ್ಟೋ ಮನೆಗಳಲ್ಲಿ ಕೊಳವೆಗಳು ಅಟ್ಟದಲ್ಲಿಯೋ ಹೊರಗೋಡೆಯಲ್ಲಿಯೋ ಹಾದುಹೋಗುತ್ತವೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಅಲ್ಲಿನ ಬೇಸಗೆ ರಾಯಚೂರು, ಕಲಬುರಗಿಗಳ ಬೇಸಗೆಯನ್ನು ನೆನಪಿಗೆ ತರುವಂಥದು. ಅಂಥ ನಾಡಿಗೆ ಆ ಫೆಬ್ರವರಿಯ ನಡುವೆ ಉತ್ತರಧ್ರುವದ ಕಡೆಯ ಚಳಿ ಇಳಿದುಬಂತು. ಫೆಬ್ರವರಿ 16ರಂದು ಡಾಲಸ್ ವಿಮಾನನಿಲ್ದಾಣದಲ್ಲಿ ಉಷ್ಣತೆ ಶೂನ್ಯಕ್ಕಿಂತ ಸುಮಾರು 19 ಡಿಗ್ರಿ ಕೆಳಗಿತ್ತು. 1949ರಿಂದೀಚೆಗೆ ಅಲ್ಲಿ ಅಷ್ಟು ಚಳಿ ಆಗಿರಲಿಲ್ಲ.

ಅದರ ಹಿಂದಿನ ದಿನ ಬೆಳಗಿನ ಜಾವದಿಂದಲೇ ವಿದ್ಯುತ್ ಸರಬರಾಜು ಕುಸಿದಿತ್ತು. ಅನಿಲದ ಬಾವಿಗಳೂ ವಿದ್ಯುದಾಗಾರಗಳೂ ಚಳಿಗೆ ಸಿಕ್ಕಿ ನಿಂತವು. ಸುಮಾರು 45 ಲಕ್ಷ ಮನೆಗಳು ಮತ್ತು ಸಂಸ್ಥೆಗಳು ಕತ್ತಲಲ್ಲಿ ಮುಳುಗಿದವು. ಹಲವರಿಗೆ ದಿನಗಟ್ಟಲೆ ವಿದ್ಯುತ್ ದೊರೆಯಲಿಲ್ಲ. ವಿದ್ಯುತ್ ಹೋದುದರಿಂದ ಮನೆಯ ಶಾಖ ಹೋಯಿತು, ಶಾಖ ಹೋದುದರಿಂದ ಕೊಳವೆಗಳು ಹೆಪ್ಪುಗಟ್ಟಿದವು. ಬೆಚ್ಚಗಿಡುವುದೆಂಬ ಮೊದಲನೆಯ ಮಾರ್ಗ ಒಂದೇ ರಾತ್ರಿಯಲ್ಲಿ ಮುಚ್ಚಿತು.

ಜನರು ಎರಡನೆಯ ಮಾರ್ಗವನ್ನು ಹಿಡಿದರು. ನಲ್ಲಿಗಳನ್ನು ತೊಟ್ಟಿಕ್ಕಲು ಬಿಟ್ಟರು. ಒಂದು ಮನೆಗೆ ಅದು ಹನಿ. ಲಕ್ಷಾಂತರ ಮನೆಗಳಿಗೆ ಅದೇ ಹೊಳೆ. ಇನ್ನೊಂದು ಕಡೆ ಬಿರಿದ ಕೊಳವೆಗಳಿಂದ ನೀರು ಸೋರಿ ಹರಿಯುತ್ತಿತ್ತು. ನೀರು ಶುದ್ಧೀಕರಿಸುವ ಕೇಂದ್ರಗಳಿಗೂ ವಿದ್ಯುತ್ತಿನ ಕೊರತೆ ತಟ್ಟಿತು. ನಗರಗಳ ಮುಖ್ಯ ಕೊಳವೆಗಳಲ್ಲಿ ಒತ್ತಡ ಇಳಿಯಿತು. ಆಸ್ಟಿನ್ ನಗರದ ಕೆಲವು ಆಸ್ಪತ್ರೆಗಳಿಗೂ ನೀರು ಸಾಲದೆ ಹೋಯಿತು. ಒತ್ತಡ ಇಳಿದ ಕೊಳವೆಯೊಳಗೆ ಹೊರಗಿನ ಕಲ್ಮಷ ಸೇರುವ ಭಯವಿರುವುದರಿಂದ ನೀರನ್ನು ಕುದಿಸಿಯೇ ಕುಡಿಯಬೇಕೆಂಬ ಸೂಚನೆ ಸುಮಾರು 1 ಕೋಟಿ 40 ಲಕ್ಷ ಜನರಿಗೆ ಹೋಯಿತು. ಕುದಿಸಲು ವಿದ್ಯುತ್ತೇ ಇಲ್ಲದ ಮನೆಗಳು ಅವುಗಳಲ್ಲಿ ಎಷ್ಟೋ ಇದ್ದವು.

ಆಗ ಹ್ಯೂಸ್ಟನ್ ನಗರದ ಮೇಯರ್ ಸಿಲ್ವೆಸ್ಟರ್ ಟರ್ನರ್ ನಾಗರಿಕರಿಗೆ ಒಂದು ವಿನಂತಿ ಮಾಡಿದರು. ಕೊಳವೆ ಒಡೆಯದಿರಲೆಂದು ನೀರು ಹರಿಯಬಿಡಬೇಡಿರಿ, ಆ ನೀರು ಆಸ್ಪತ್ರೆಗಳಿಗೂ ಬೆಂಕಿ ಆರಿಸುವವರಿಗೂ ಬೇಕಾಗಿದೆ ಎಂಬುದು ಅದರ ತಾತ್ಪರ್ಯ. ತಲೆಮಾರುಗಳಿಂದ ಸರಿಯೆಂದು ಹೇಳುತ್ತ ಬಂದ ಉಪಾಯ ಆ ದಿನ ನಗರಕ್ಕೆ ಹಾನಿಕರವಾಗಿತ್ತು. ಉಪಾಯದಲ್ಲಿ ದೋಷವಿರಲಿಲ್ಲ. ಎಲ್ಲರೂ ಒಮ್ಮೆಲೇ ಅದನ್ನು ಆಶ್ರಯಿಸಿದಾಗ ಎಲ್ಲರದೂ ಆದ ನೀರು ಸಾಲದಾಯಿತು. ಮುಖ್ಯ ವಾಲ್ವನ್ನು ಮುಚ್ಚಿ ಕೊಳವೆಯನ್ನು ಬರಿದುಮಾಡಿದ ಮನೆಯವರಾದರೋ ತಮ್ಮ ಕೊಳವೆಯನ್ನೂ ಉಳಿಸಿಕೊಂಡರು, ನೆರೆಯವರ ಪಾಲಿನ ನೀರನ್ನೂ ಉಳಿಸಿದರು. ಅದಕ್ಕೆ ಬೇಕಾಗಿದ್ದುದು ಹಣವಲ್ಲ, ವಿದ್ಯುತ್ತಲ್ಲ. ವಾಲ್ವು ಎಲ್ಲಿದೆ, ಕೊಳವೆ ಏಕೆ ಒಡೆಯುತ್ತದೆ ಎಂಬ ತಿಳಿವಳಿಕೆ ಮಾತ್ರ.

ಆ ಚಳಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ಎಣಿಕೆಯಂತೆ 246 ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಚಳಿಗೆ ದೇಹ ತಣ್ಣಗಾಗಿ ಅಸುನೀಗಿದವರು. ಕೊಳವೆಯ ಹಾನಿಯನ್ನು ದುರಸ್ತಿ ಮಾಡಬಹುದು. ಈ ಹಾನಿಗೆ ದುರಸ್ತಿಯಿಲ್ಲ. ಶಾಖ, ವಿದ್ಯುತ್ತು, ನೀರು ಇವು ಮೂರೂ ಒಂದೇ ಸರಪಳಿಯ ಕೊಂಡಿಗಳೆಂಬುದನ್ನು ಮರೆತ ವ್ಯವಸ್ಥೆ ಎಷ್ಟು ದುರ್ಬಲವೆಂಬುದಕ್ಕೆ ಈ ಸಂಖ್ಯೆ ಸಾಕ್ಷಿ.

6. ಹಿಮಾಲಯದ ತಪ್ಪಲಿನಲ್ಲಿ

ಈ ಕಷ್ಟ ಭಾರತಕ್ಕೂ ಹೊಸದಲ್ಲ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಾಲವನ್ನು ‘ಚಿಲ್ಲೈ ಕಲಾನ್’ ಎಂದು ಕರೆಯುತ್ತಾರೆ. ಚಳಿಯ ಅತ್ಯಂತ ಕಠಿಣ ಅವಧಿ ಅದು. ಟೆಕ್ಸಾಸ್ ಹೆಪ್ಪುಗಟ್ಟುವುದಕ್ಕೆ ಒಂದು ತಿಂಗಳು ಮೊದಲು, 2021ರ ಜನವರಿ 14ರಂದು, ಶ್ರೀನಗರದಲ್ಲಿ ಉಷ್ಣತೆ ಶೂನ್ಯಕ್ಕಿಂತ 8.4 ಡಿಗ್ರಿ ಕೆಳಗೆ ಇಳಿಯಿತು. ಮೂವತ್ತು ವರ್ಷಗಳಲ್ಲಿ ಅಲ್ಲಿ ಅಂಥ ಚಳಿ ಕಂಡಿರಲಿಲ್ಲ. ದಾಲ್ ಸರೋವರದ ಮೇಲ್ಪದರ ಗಡ್ಡೆಯಾಯಿತು, ಮನೆಗಳ ನಲ್ಲಿಗಳು ನಿಂತವು. ನೆಲದ ಮೇಲೆ ತೆರೆದುಕೊಂಡ ಕೊಳವೆಗಳ ಕೆಳಗೆ ಮುಂಜಾನೆ ಸಣ್ಣ ಬೆಂಕಿ ಹಾಕಿ ಕರಗಿಸುವ ದೃಶ್ಯ ಅಲ್ಲಿ ಸಾಮಾನ್ಯ. ಪ್ಲಾಸ್ಟಿಕ್ ಕೊಳವೆಗಳ ಈ ಕಾಲದಲ್ಲಿ ಆ ರೂಢಿ ಅಪಾಯಕರವೆಂದು ಬೇರೆ ಹೇಳಬೇಕಾಗಿಲ್ಲ.

ಲಡಾಖಿನಲ್ಲಿ ಚಳಿ ಇನ್ನೂ ಉಗ್ರ. ಅಲ್ಲಿ ಇದೇ ವಿಜ್ಞಾನವನ್ನು ಜನೋಪಯೋಗಕ್ಕೆ ತಿರುಗಿಸಿದ ಒಂದು ಪ್ರಯತ್ನ ಉಲ್ಲೇಖಾರ್ಹವಾಗಿದೆ. ಇಂಜಿನಿಯರ್ ಸೋನಂ ವಾಂಗ್‌ಚುಕ್ ಮತ್ತು ಅವರ ವಿದ್ಯಾರ್ಥಿಗಳು 2013-14ರ ಚಳಿಗಾಲದಲ್ಲಿ ‘ಹಿಮಸ್ತೂಪ’ವನ್ನು ಮೊದಲು ಪ್ರಯೋಗಿಸಿದರು. ಎತ್ತರದ ತೊರೆಯ ನೀರನ್ನು ನೆಲದೊಳಗೆ ಹೂತ ಕೊಳವೆಯಲ್ಲಿ ತಂದು, ಕೆಳಗೆ ಕಾರಂಜಿಯಂತೆ ಗಾಳಿಗೆ ಚಿಮ್ಮಿಸಿದರೆ, ಬೀಳುವ ಹನಿಗಳು ಹೆಪ್ಪುಗಟ್ಟಿ ದೊಡ್ಡ ಶಂಕುವಿನಾಕಾರದ ಗಡ್ಡೆಯಾಗುತ್ತದೆ. ಆ ಗಡ್ಡೆ ವಸಂತದಲ್ಲಿ ಕರಗುತ್ತ, ಬಿತ್ತನೆಯ ಹೊತ್ತಿಗೆ ಹೊಲಗಳಿಗೆ ನೀರು ಒದಗಿಸುತ್ತದೆ. ಇಲ್ಲಿನ ಜಾಣ್ಮೆಯೆಲ್ಲ ನೀರು ಎಲ್ಲಿ ಹೆಪ್ಪುಗಟ್ಟಬೇಕು, ಎಲ್ಲಿ ಹೆಪ್ಪುಗಟ್ಟಬಾರದು ಎಂಬುದರಲ್ಲಿದೆ. ಕೊಳವೆಯ ಹೊರಗೆ ಹೆಪ್ಪುಗಟ್ಟಿದರೆ ಅದು ರೈತನ ಸಂಪತ್ತು. ಒಳಗೆ ಹೆಪ್ಪುಗಟ್ಟಿದರೆ ಇಡೀ ಕಾರ್ಯ ನಿಂತಂತೆ. ಆದ್ದರಿಂದಲೇ ಅಲ್ಲಿಯೂ ಆಳವಾಗಿ ಹೂಳುವುದು, ನೀರನ್ನು ನಿಲ್ಲಗೊಡದಿರುವುದು, ಹರಿವು ನಿಂತಾಗ ಕೊಳವೆಯನ್ನು ತಕ್ಷಣ ಬರಿದುಮಾಡುವುದು ಎಂಬ ನಿಯಮಗಳೇ ಆಧಾರ.

ಉಪಸಂಹಾರ

ಇಷ್ಟು ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು: ಕೊಳವೆಯನ್ನು ಒಡೆಯುವುದು ಚಳಿಯೊಂದೇ ಅಲ್ಲ. ಹೊರದಾರಿಯಿಲ್ಲದೆ ಸಿಕ್ಕಿಕೊಂಡ ನೀರು ಒಡೆಯುತ್ತದೆ. ಆದುದರಿಂದ ನೀರಿಗೆ ದಾರಿ ಕೊಡುವುದು, ಇಲ್ಲವೆ ನೀರನ್ನೇ ತೆಗೆದುಬಿಡುವುದು ಎಲ್ಲ ಉಪಾಯಗಳ ಸಾರ. ಎರಡನೆಯದು: ಮನೆಯ ಕೊಳವೆ ಮನೆಯ ಗೋಡೆಯಲ್ಲಿ ಮುಗಿಯುವುದಿಲ್ಲ. ಅದು ಬೀದಿಯ ಕೊಳವೆಗೆ, ಅದರ ಮೂಲಕ ನೆರೆಮನೆಗೆ, ಆಸ್ಪತ್ರೆಗೆ, ಇಡೀ ಊರಿಗೆ ಕೂಡಿಕೊಂಡಿದೆ. ತನ್ನ ಮನೆಯನ್ನು ಉಳಿಸಿಕೊಳ್ಳುವ ಉಪಾಯ ಊರಿನ ನೀರನ್ನು ಬರಿದುಮಾಡದಂತೆ ಇರಬೇಕು.

ಈ ಎರಡನೆಯ ಮಾತು ಮಂಜು ಬೀಳದ ನಾಡಿಗೂ ಸಲ್ಲುತ್ತದೆ. ಬೇಸಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಒಂದು ಮನೆಯ ನಲ್ಲಿ ಅನವಶ್ಯಕವಾಗಿ ತೊಟ್ಟಿಕ್ಕಿದರೆ ಬೀದಿಯ ಕೊನೆಯ ಮನೆಯ ಕೊಡ ತುಂಬದೆ ಉಳಿಯುತ್ತದೆ. ವಿಜ್ಞಾನದ ತರಗತಿಯಲ್ಲಿ ಬಾಟಲಿ ಒಡೆಯುವ ಪಾಠವನ್ನು ಹೇಳುವ ಉಪಾಧ್ಯಾಯರು, ಬಾಟಲಿಯಿಂದ ಕೊಳವೆಗೆ, ಕೊಳವೆಯಿಂದ ಮನೆಗೆ, ಮನೆಯಿಂದ ಊರಿಗೆ ಆ ಪಾಠವನ್ನು ವಿಸ್ತರಿಸಿದರೆ, ಪಠ್ಯದ ಒಂದು ವಾಕ್ಯ ಜೀವನಕ್ಕೆ ಒದಗುವ ತಿಳಿವಳಿಕೆಯಾಗುತ್ತದೆ. ಅಂಥ ಪಾಠ ಕೇಳಿದ ವಿದ್ಯಾರ್ಥಿ ಮುಂದೆ ಡಾಲಸ್ ನಗರದಲ್ಲಿರಲಿ, ಲೇಹ್‌ನಲ್ಲಿರಲಿ, ತನ್ನ ಹುಟ್ಟೂರಿನಲ್ಲೇ ಇರಲಿ, ಮುಖ್ಯ ವಾಲ್ವು ಎಲ್ಲಿದೆಯೆಂದು ಮೊದಲೇ ತಿಳಿದಿಟ್ಟುಕೊಂಡಿರುತ್ತಾನೆ.